ದೂರದ ಕಡಲು, ದೂರದ ಮನೆ

(ಗಿರಣಿ ಕಾರ್ಮಿಕರ ಸಂಘದ ಕಟ್ಟಡದಲ್ಲಿ ಭಾನುವಾರ ಸಂಜೆ ನಡೆದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಇವತ್ತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಿ. ಹೊರದೇಶದಲ್ಲಿ ವಿಹಾರಕ್ಕೆಂದು ಮನೆ ಕೊಂಡರೆ ಬೀಳುವ ಖರ್ಚು! ಪಾಳಿ ಮುಗಿಸಿ ಬಂದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕಾಲು ಚಾಚುವ ನಮಗೂ ಸ್ಪೇನ್ ದೇಶದ ಕಡಲ ತೀರಕ್ಕೂ ಏನು ನಂಟು ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದ್ದು ನನ್ನ ಕಿವಿಗೂ ಬಿತ್ತು. ನ್ಯಾಯವಾದ ಪ್ರಶ್ನೆ. ಮೊದಲು ಅದಕ್ಕೇ ಉತ್ತರ ಹೇಳುತ್ತೇನೆ.

ನಮ್ಮ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಮಿತ್ರರೊಬ್ಬರು ಎರಡು ತಿಂಗಳ ಹಿಂದೆ ನನ್ನ ಮನೆಗೆ ಬಂದರು. ಅವರ ಮಗ ಇಂಗ್ಲೆಂಡಿನಲ್ಲಿ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾನೆ. ಕಷ್ಟಪಟ್ಟು ಓದಿದ ಹುಡುಗ, ಒಳ್ಳೆಯ ಹುಡುಗ. ಜೊತೆಯ ಕೆಲಸಗಾರರು ಸ್ಪೇನಿನ ದಕ್ಷಿಣ ತೀರದಲ್ಲಿ ಮನೆ ಮಾಡಿಕೊಂಡಿರುವುದನ್ನು ನೋಡಿ ಅವನಿಗೂ ಆಸೆ ಹುಟ್ಟಿದೆ. ಒಂದು ಲಕ್ಷ ಯೂರೋ ಬೆಲೆಯ ಸಣ್ಣ ಹಳೆಯ ಮನೆ. ನೂರಕ್ಕೆ ಮೂವತ್ತು ಕೈಯಿಂದ ಕೊಟ್ಟರೆ ಉಳಿದದ್ದು ಬ್ಯಾಂಕು ಕೊಡುತ್ತದೆ ಎಂದು ದಲ್ಲಾಳಿ ಹೇಳಿದ್ದಾನೆ. "ಅಪ್ಪಾ, ರಿಂಗ್ ರಸ್ತೆಯ ಸೈಟು ಮಾರಿ ಹಣ ಕಳುಹಿಸು. ಪತ್ರದಲ್ಲಿ ನಿನ್ನ ಹೆಸರೂ ಇರಲಿ. ನಾವಿಲ್ಲದಾಗ ಬಾಡಿಗೆಗೆ ಕೊಟ್ಟರೆ ಸಾಲ ತಾನಾಗಿ ತೀರುತ್ತದೆ" ಎಂದು ಮಗ ಬರೆದಿದ್ದ.

"ಅಣ್ಣಾ, ನೀವು ಗಿರಣಿಯ ಲೆಕ್ಕದ ಕೋಣೆಯಲ್ಲಿ ಮೂವತ್ತು ವರ್ಷ ಕೂತವರು, ಇದನ್ನೊಮ್ಮೆ ನೋಡಿ" ಎಂದು ಅವರು ಬಣ್ಣದ ಚಿತ್ರಗಳಿದ್ದ ಕಾಗದವನ್ನು ಮುಂದಿಟ್ಟರು. ನೀಲಿ ಕಡಲು, ಬಿಳಿ ಗೋಡೆ, ಕೆಂಪು ಹೂವು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬೆಲೆ. ಇಪ್ಪತ್ತೆರಡು ವರ್ಷ ತಕ್ಕಡಿ ಹಿಡಿದು ಉಳಿಸಿದ ಹಣದಲ್ಲಿ ಕೊಂಡ ಸೈಟು ಆ ಒಂದು ಕಾಗದದ ಮೇಲೆ ತೂಗುತ್ತಿತ್ತು. ಆದ್ದರಿಂದ ನಾನು ಆ ದೇಶದ ತೆರಿಗೆ, ಕಾನೂನು, ಕಳೆದ ವರ್ಷಗಳ ಸುದ್ದಿ ಎಲ್ಲವನ್ನೂ ಓದಿ ಲೆಕ್ಕ ಹಾಕಿದೆ. ಆ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. ನಮ್ಮ ಮಕ್ಕಳು ಇವತ್ತು ದುಬೈಯಲ್ಲಿದ್ದಾರೆ, ಲಂಡನ್ನಿನಲ್ಲಿದ್ದಾರೆ. ಇಂಥ ಕಾಗದ ನಾಳೆ ಯಾರ ಮನೆಗೂ ಬರಬಹುದು.

ಆಸೆ ತಪ್ಪಲ್ಲ

ಆ ತೀರಕ್ಕೆ ಮನೆ ಕೊಳ್ಳಲು ಹೋದವರೆಲ್ಲ ಕೋಟ್ಯಧೀಶರಲ್ಲ. ಬೆನಿಡಾರ್ಮ್ ಎಂಬುದು ಮೀನುಗಾರರ ಊರಾಗಿತ್ತು. 1956ರಲ್ಲಿ ಅಲ್ಲಿಯ ಪುರಸಭೆ ಹೊಸ ನಗರ ಯೋಜನೆ ಮಾಡಿತು, ಮಹಡಿಯ ಮೇಲೆ ಮಹಡಿ ಎದ್ದಿತು. ಆಗ ಸ್ಪೇನಿನಲ್ಲಿ ಫ್ರಾಂಕೋನ ಸರ್ವಾಧಿಕಾರ. ಸ್ವತಂತ್ರ ಕಾರ್ಮಿಕ ಸಂಘ ಕಟ್ಟುವ ಹಕ್ಕು ಇರಲಿಲ್ಲ, ಕೂಲಿ ಅಗ್ಗವಾಗಿತ್ತು. ವಿಮಾನದ ದರವೂ ಇಳಿದಾಗ ಇಂಗ್ಲೆಂಡಿನ ಬಸ್ಸಿನ ಚಾಲಕರು, ದಾದಿಯರು, ಗಣಿ ಕೆಲಸಗಾರರು ವರ್ಷಕ್ಕೊಂದು ವಾರ ಬಿಸಿಲು ಕಾಣಲು ಅಲ್ಲಿಗೆ ಹೊರಟರು. ಮುಂದೆ ಅವರಲ್ಲಿ ಸಾವಿರಾರು ಜನ ನಿವೃತ್ತಿಯ ಹಣ ಹಾಕಿ, ಕೆಲವರು ಊರಿನ ಮನೆಯನ್ನೇ ಮಾರಿ, ಅಲ್ಲಿ ಸಣ್ಣ ಮನೆ ಕೊಂಡರು. ಮಳೆ ಮತ್ತು ಹೊಗೆಯ ನಡುವೆ ನಲವತ್ತು ವರ್ಷ ದುಡಿದವನು ಮುಪ್ಪಿನಲ್ಲಿ ಬಿಸಿಲು ಬಯಸಿದರೆ ಅವನನ್ನು ನಾನು ಹೀಗಳೆಯಲಾರೆ. ಆಸೆ ತಪ್ಪಲ್ಲ. ಆ ಆಸೆಯನ್ನು ಸರಕು ಮಾಡಿ ಮಾರುವಾಗ ಪೂರ್ತಿ ಬೆಲೆ ಹೇಳದಿರುವುದು ತಪ್ಪು.

"ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು" ಎಂದರು ನಮ್ಮ ಹಿರಿಯರು. ಊರಲ್ಲಿ ಕಟ್ಟುವ ಮನೆಗೇ ಈ ಮಾತಾದರೆ, ಭಾಷೆ ಬಾರದ, ಓಟಿಲ್ಲದ ದೇಶದ ಮನೆಗೆ ಏನು ಹೇಳೋಣ?

ಕೊಳ್ಳುವ ದಿನದ ಖರ್ಚು

ಯೂರೋ ಒಂದಕ್ಕೆ ನೂರು ರೂಪಾಯಿ ಎಂದು ಲೆಕ್ಕದ ಸುಲಭಕ್ಕೆ ಇಟ್ಟುಕೊಳ್ಳೋಣ. ಮನೆಯ ಬೆಲೆ ಒಂದು ಲಕ್ಷ ಯೂರೋ, ಅಂದರೆ ಒಂದು ಕೋಟಿ ರೂಪಾಯಿ. ಮಗ ಕೇಳಿದ್ದು ಮೂವತ್ತು ಲಕ್ಷ.

ಆಂದಲೂಸಿಯ ಪ್ರಾಂತದಲ್ಲಿ ಹಳೆಯ ಮನೆ ಕೊಂಡವನು ಆಸ್ತಿ ವರ್ಗಾವಣೆಯ ತೆರಿಗೆ ಶೇಕಡ 7 ಕೊಡಬೇಕು. ಇದು ಪ್ರಾಂತದಿಂದ ಪ್ರಾಂತಕ್ಕೆ ಬೇರೆ. ಮ್ಯಾಡ್ರಿಡ್ಡಿನಲ್ಲಿ ಶೇಕಡ 6, ಇತರ ಕೆಲವೆಡೆ ಶೇಕಡ 10. ಹೊಸ ಮನೆಯಾದರೆ ಮಾರಾಟ ತೆರಿಗೆಯೇ ಶೇಕಡ 10, ಅದರ ಮೇಲೆ ಮುದ್ರಾಂಕದ ಶುಲ್ಕ. ನೋಟರಿಗೆ ಬೇರೆ, ನೋಂದಣಿಗೆ ಬೇರೆ, ವಕೀಲರಿಗೆ ಬೇರೆ. ನಮ್ಮ ಲೆಕ್ಕದ ಮನೆಗೆ ತೆರಿಗೆ ಏಳು ಸಾವಿರ, ಉಳಿದದ್ದೆಲ್ಲ ಸೇರಿ ಮೂರು ಮೂರೂವರೆ ಸಾವಿರ ಯೂರೋ ಎಂದು ಹಿಡಿದರೆ ಹತ್ತು ಲಕ್ಷ ರೂಪಾಯಿ ದಾಟಿತು. ಈ ಹಣಕ್ಕೆ ಬ್ಯಾಂಕಿನ ಸಾಲವಿಲ್ಲ, ಕೈಯಿಂದಲೇ ಹೋಗಬೇಕು. ಮೂವತ್ತು ಲಕ್ಷ ನಲವತ್ತಾಯಿತು. ಅಲ್ಲಿ ವಾಸವಿಲ್ಲದ ಹೊರಗಿನವರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ನೂರಕ್ಕೆ ಅರವತ್ತರಿಂದ ಎಪ್ಪತ್ತು ಮಾತ್ರ ಸಾಲ ಕೊಡುತ್ತವೆ. ಅರವತ್ತೇ ಕೊಟ್ಟರೆ ನಲವತ್ತು ಐವತ್ತಾಯಿತು. ಮನೆಯೊಳಗೆ ಇನ್ನೂ ಒಂದು ಚಾಪೆ ಹಾಸಿಲ್ಲ!

ಬೀಗ ಹಾಕಿದ ಮನೆಯ ಊಟ

ಬೀಗ ಹಾಕಿದ ಮನೆಯೂ ವರ್ಷವಿಡೀ ಹಣ ತಿನ್ನುತ್ತದೆ. ಪುರಸಭೆಯ ಕಂದಾಯ, ಕಸದ ತೆರಿಗೆ, ವಿಮೆ, ಬಳಸಿದರೂ ಬಳಸದಿದ್ದರೂ ತೆರಬೇಕಾದ ನೀರು ಮತ್ತು ವಿದ್ಯುತ್ತಿನ ಸ್ಥಿರ ಶುಲ್ಕ. ಮೆಟ್ಟಿಲು, ಲಿಫ್ಟು, ಈಜುಕೊಳ ಎಲ್ಲರಿಗೂ ಸೇರಿದ್ದಾದ್ದರಿಂದ ಕಟ್ಟಡದ ಒಡೆಯರ ಸಂಘಕ್ಕೆ ತಿಂಗಳ ವಂತಿಗೆ. ಛಾವಣಿ ಸೋರಿದರೆ ವಿಶೇಷ ವಂತಿಗೆ.

ಇನ್ನೊಂದು ತೆರಿಗೆ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಹೊರದೇಶದಲ್ಲಿರುವ ಒಡೆಯ ತನ್ನ ಮನೆಯನ್ನು ಯಾರಿಗೂ ಬಾಡಿಗೆಗೆ ಕೊಡದೆ ಖಾಲಿ ಇಟ್ಟರೂ, ಅವನಿಗೆ ಅದರಿಂದ ವರಮಾನ ಬಂತೆಂದೇ ಸರ್ಕಾರ ಭಾವಿಸುತ್ತದೆ. ಸರ್ಕಾರಿ ದಾಖಲೆಯ ಬೆಲೆಯ ಶೇಕಡ 1.1 ಅಥವಾ ಶೇಕಡ 2 ಅವನ ವರಮಾನವೆಂದು ಲೆಕ್ಕ. ಅದರ ಮೇಲೆ ಯುರೋಪ್ ಒಕ್ಕೂಟದಲ್ಲಿ ನೆಲೆಸಿದವರಿಗೆ ಶೇಕಡ 19, ಹೊರಗಿರುವವರಿಗೆ ಶೇಕಡ 24 ತೆರಿಗೆ. ಮೊತ್ತ ದೊಡ್ಡದಲ್ಲ. ಆದರೆ ಪ್ರತಿ ವರ್ಷ ಅರ್ಜಿ ತುಂಬಬೇಕು, ತುಂಬುವವನಿಗೆ ಫೀ ಕೊಡಬೇಕು, ಮರೆತರೆ ದಂಡ.

ಸಂಘದ ವಂತಿಗೆ ತಿಂಗಳಿಗೆ ಎಂಬತ್ತು ಯೂರೋ ಎಂದು ಹಿಡಿದು, ಉಳಿದವನ್ನೂ ಮಿತವಾಗಿಯೇ ಹಿಡಿದು ಕೂಡಿಸಿದಾಗ ವರ್ಷಕ್ಕೆ 2,200 ಯೂರೋ ಆಯಿತು. ಮಗನಿಗೆ ವರ್ಷದಲ್ಲಿ ಅಲ್ಲಿಗೆ ಹೋಗಲು ಸಿಗುವ ರಜೆ ಮೂರು ವಾರ. ಇಪ್ಪತ್ತೊಂದು ರಾತ್ರಿಗೆ ಭಾಗಿಸಿ ನೋಡಿ: ತನ್ನ ಸ್ವಂತ ಮನೆಯಲ್ಲಿ ಮಲಗಲು ರಾತ್ರಿಯೊಂದಕ್ಕೆ ನೂರು ಯೂರೋ, ಅಂದರೆ ಹತ್ತು ಸಾವಿರ ರೂಪಾಯಿ! ಇದರಲ್ಲಿ ಸಾಲದ ಬಡ್ಡಿ ಸೇರಿಲ್ಲ, ವಿಮಾನದ ದರ ಸೇರಿಲ್ಲ, ಮಾರಿದ ಸೈಟಿನ ಬೆಲೆ ಸೇರಿಲ್ಲ. ಕಿರಾಣಿ ಮಿತ್ರರು ಈ ಭಾಗಾಕಾರವನ್ನು ಎರಡು ಸಲ ತಾವೇ ಮಾಡಿ ನೋಡಿದರು. ಉತ್ತರ ಬದಲಾಗಲಿಲ್ಲ.

"ಬಾಡಿಗೆ ಬರುತ್ತದಲ್ಲ?" ಎಂದರು. ಅದೂ ಈಗ ಸುಲಭವಿಲ್ಲ. ಪ್ರವಾಸಿಗರಿಗೆ ಬಾಡಿಗೆಗೆ ಕೊಡಲು ಪರವಾನಗಿ ಬೇಕು. 2025ರ ಏಪ್ರಿಲಿನಿಂದ ಬಹುಮಹಡಿ ಕಟ್ಟಡದಲ್ಲಿ ಹೊಸದಾಗಿ ಹಾಗೆ ಮಾಡಬೇಕಾದರೆ ಒಡೆಯರಲ್ಲಿ ಐದರಲ್ಲಿ ಮೂರು ಪಾಲು ಜನರ ಒಪ್ಪಿಗೆಯೂ ಬೇಕು. ನೆರೆಯವರು ಬೇಡವೆಂದರೆ ಬಾಡಿಗೆಯ ಲೆಕ್ಕವೆಲ್ಲ ಕಾಗದದ ಮೇಲೆಯೇ ಉಳಿಯಿತು.

ಕಾಗದದೊಳಗಿನ ಹಾವು

ಇದುವರೆಗೆ ಹೇಳಿದ್ದು ಕೇಳಿ ತಿಳಿಯಬಹುದಾದ ಖರ್ಚು. ಕೇಳಿದರೂ ದಲ್ಲಾಳಿ ಹೇಳದ ಖರ್ಚು ಬೇರೆ ಇದೆ.

ಸ್ಪೇನಿನ ಕಾನೂನಿನಲ್ಲಿ ಕೆಲವು ಬಾಕಿಗಳು ಮನುಷ್ಯನಿಗಲ್ಲ, ಮನೆಗೇ ಅಂಟಿಕೊಳ್ಳುತ್ತವೆ. ಹಿಂದಿನ ಒಡೆಯ ಸಂಘದ ವಂತಿಗೆ ಕೊಡದೆ ಹೋಗಿದ್ದರೆ, ಆ ವರ್ಷದ ಮತ್ತು ಅದಕ್ಕೂ ಹಿಂದಿನ ಮೂರು ವರ್ಷಗಳ ಬಾಕಿಗೆ ಕೊಂಡ ಮನೆಯೇ ಹೊಣೆ. ಬಾಕಿಯಿಲ್ಲವೆಂಬ ಪತ್ರ ನೋಡದೆ ಸಹಿ ಹಾಕಿದವನು ಬೇರೆಯವರ ಸಾಲ ತೀರಿಸುತ್ತಾನೆ.

ಮನೆಯೇ ಕಾನೂನಿನ ಕಣ್ಣಿಗೆ ಮನೆಯಲ್ಲದಿದ್ದರೆ? 2008ರ ಜನವರಿಯಲ್ಲಿ ಅಲ್ಮೇರಿಯ ಜಿಲ್ಲೆಯ ವೇರ ಎಂಬ ಊರಿನಲ್ಲಿ ನಿವೃತ್ತರಾದ ಬ್ರಿಟಿಷ್ ದಂಪತಿಗಳ ಮನೆಯನ್ನು ಯಂತ್ರ ತಂದು ಉರುಳಿಸಿದರು. ಅವರು ಕದ್ದು ಕಟ್ಟಿರಲಿಲ್ಲ, ಪುರಸಭೆ ಪರವಾನಗಿ ಕೊಟ್ಟಿತ್ತು. ಕೃಷಿ ಭೂಮಿಯಲ್ಲಿ ಅಂಥ ಪರವಾನಗಿ ಸಲ್ಲದೆಂದು ಪ್ರಾಂತ ಸರ್ಕಾರ ಹೇಳಿತು. ಎರಡು ಕಚೇರಿಗಳ ಜಗಳದಲ್ಲಿ ಇಬ್ಬರು ಮುದುಕರ ಮನೆ ನೆಲಕ್ಕೆ ಬಿತ್ತು. ಅವರು ಉಳಿದ ಕಾರು ಶೆಡ್ಡಿನಲ್ಲಿ ವರ್ಷಗಟ್ಟಲೆ ಬದುಕಬೇಕಾಯಿತು.

ವಲೆನ್ಸಿಯ ಪ್ರಾಂತದ 1994ರ ಭೂ ಕಾನೂನು ಮತ್ತೊಂದು ಬಗೆಯದು. ಬಡಾವಣೆ ಮಾಡುವ ಕಂಪನಿ ಯೋಜನೆ ತಂದರೆ, ಅದರೊಳಗೆ ಸಿಕ್ಕ ಸಣ್ಣ ಒಡೆಯ ತನ್ನ ಜಮೀನಿನಲ್ಲಿ ಪಾಲು ಬಿಟ್ಟುಕೊಡಬೇಕು, ಜೊತೆಗೆ ರಸ್ತೆ ಚರಂಡಿಯ ಖರ್ಚಿನಲ್ಲೂ ಪಾಲು ಕೊಡಬೇಕು. ಸಾವಿರಾರು ದೂರುಗಳು ಬಂದವು. ದೂರಿದವರಲ್ಲಿ ಹೊರಗಿನವರೂ ಇದ್ದರು, ಅಲ್ಲಿಯ ರೈತರೂ ಇದ್ದರು. 2009ರ ಮಾರ್ಚಿಯಲ್ಲಿ ಯುರೋಪಿನ ಪಾರ್ಲಿಮೆಂಟೇ ಇದನ್ನು ಖಂಡಿಸುವ ವರದಿಯನ್ನು ಅಂಗೀಕರಿಸಿತು.

ಕಟ್ಟುವ ಮುಂಚೆಯೇ ಮುಂಗಡ ಕೊಟ್ಟವರ ಕಥೆ ಇನ್ನೊಂದು. ಮುಂಗಡಕ್ಕೆ ಬ್ಯಾಂಕಿನ ಭದ್ರತೆ ಇರಲೇಬೇಕೆಂದು ಆ ದೇಶದಲ್ಲಿ 1968ರಲ್ಲೇ ಕಾನೂನಾಗಿತ್ತು. ಆದರೂ ಭದ್ರತೆಯಿಲ್ಲದೆ ಹಣ ವಸೂಲಾಯಿತು. 2008ರಲ್ಲಿ ಕಂಪನಿಗಳು ಮುಳುಗಿದವು, ಅರ್ಧ ಎದ್ದ ಗೋಡೆಗಳು ನಿಂತವು. ಅಂಥ ಮುಂಗಡವನ್ನು ಕಣ್ಣು ಮುಚ್ಚಿ ಜಮಾ ಮಾಡಿಕೊಂಡ ಬ್ಯಾಂಕುಗಳೇ ಹೊಣೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2015ರ ಡಿಸೆಂಬರಿನಲ್ಲಿ. ಏಳು ವರ್ಷ! ಮುಪ್ಪಿನ ಹಣ ಹಾಕಿದವನಿಗೆ ಏಳು ವರ್ಷವೆಂದರೆ ಎಷ್ಟೆಂದು ನೀವೇ ಯೋಚಿಸಿ.

ಕೈಗೆ ಸಿಗದ ಕಾರಣಗಳು

2007ರ ಆರಂಭದಲ್ಲಿ ಒಂದು ಪೌಂಡಿಗೆ ಸುಮಾರು ಒಂದೂವರೆ ಯೂರೋ ಸಿಗುತ್ತಿತ್ತು. 2008ರ ಕೊನೆಯ ಹೊತ್ತಿಗೆ ಅದು ಒಂದಕ್ಕೆ ಒಂದರ ಹತ್ತಿರ ಬಂತು. ಪೌಂಡಿನಲ್ಲಿ ಪಿಂಚಣಿ ಪಡೆದು ಯೂರೋದಲ್ಲಿ ಸಾಲ ತೀರಿಸುವ ಮುದುಕನ ಕಂತು, ಅವನೇನೂ ತಪ್ಪು ಮಾಡದೆಯೇ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಏರಿತು. ಅದೇ ಕಾಲಕ್ಕೆ ಮನೆಗಳ ಬೆಲೆ ಕುಸಿಯತೊಡಗಿ 2014ರ ಹೊತ್ತಿಗೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕರಗಿತು.

ಆಮೇಲೆ ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟಿತು. 2021ರಿಂದ ಬ್ರಿಟಿಷರು ತಮ್ಮ ಸ್ವಂತ ಮನೆಯಿದ್ದರೂ ವಾಸದ ಅನುಮತಿ ಇಲ್ಲದೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಅಲ್ಲಿರಬಹುದು. ಭಾರತದ ಪಾಸ್‌ಪೋರ್ಟು ಹಿಡಿದ ನಮ್ಮ ಹುಡುಗನಿಗೆ ಅಷ್ಟೂ ಇಲ್ಲ. ಮೊದಲು ವೀಸಾ ಬೇಕು. ಐದು ಲಕ್ಷ ಯೂರೋದ ಆಸ್ತಿ ಕೊಂಡವರಿಗೆ ವಾಸದ ಅನುಮತಿ ಕೊಡುವ ಪದ್ಧತಿಯೊಂದು 2013ರಿಂದ ಇತ್ತು. ಅದನ್ನೂ 2025ರ ಏಪ್ರಿಲಿನಲ್ಲಿ ನಿಲ್ಲಿಸಿದರು. ಮನೆಯ ಕೀಲಿ ನಿನ್ನ ಜೇಬಿನಲ್ಲಿ, ದೇಶದ ಬಾಗಿಲಿನ ಕೀಲಿ ಇನ್ನೊಬ್ಬರ ಕೈಯಲ್ಲಿ.

ಸಾಕಾಯಿತೆಂದು ಮಾರಹೊರಟರೆ ದಲ್ಲಾಳಿಯ ಪಾಲು ಇದೆ, ಪುರಸಭೆಯ ಭೂಮೌಲ್ಯದ ತೆರಿಗೆ ಇದೆ, ಲಾಭ ಬಂದಿದ್ದರೆ ಅದರ ಮೇಲೆ ಶೇಕಡ 19 ಇದೆ. ಮಾರುವವನು ಹೊರದೇಶದವನಾದರೆ ಕೊಳ್ಳುವವನು ಬೆಲೆಯಲ್ಲಿ ಶೇಕಡ 3 ಹಿಡಿದು ನೇರವಾಗಿ ತೆರಿಗೆ ಕಚೇರಿಗೆ ಕಟ್ಟುತ್ತಾನೆ. ಹೆಚ್ಚು ಹಿಡಿದಿದ್ದರೆ ಅರ್ಜಿ ಹಾಕಿ ವಾಪಸು ಕೇಳಬೇಕು.

ನಮ್ಮ ದೇಶದ ಕಡೆಯಿಂದಲೂ ಲೆಕ್ಕವಿದೆ. ವರ್ಷಕ್ಕೆ ಒಬ್ಬರು ಎರಡೂವರೆ ಲಕ್ಷ ಡಾಲರಿನ ತನಕ ಹೊರಗೆ ಕಳುಹಿಸಬಹುದು. ಆದರೆ 2025ರ ಏಪ್ರಿಲಿನ ನಿಯಮದಂತೆ ಇಂಥ ಕಾರಣಕ್ಕೆ ಹತ್ತು ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ಶೇಕಡ 20 ತೆರಿಗೆಯನ್ನು ಮೊದಲೇ ವಸೂಲು ಮಾಡುತ್ತದೆ. ನಲವತ್ತು ಲಕ್ಷ ಕಳುಹಿಸಿದರೆ ಆರು ಲಕ್ಷ ಅಲ್ಲೇ ನಿಂತಿತು. ಆಮೇಲೆ ಅದು ನಮ್ಮ ತೆರಿಗೆಗೆ ವಜಾ ಆಗುತ್ತದೆ, ಮಿಕ್ಕದ್ದು ವಾಪಸು ಬರುತ್ತದೆ, ನಿಜ. ಅದುವರೆಗೆ ಅಂಗಡಿಗೆ ಸರಕು ತುಂಬುವುದು ಯಾವ ಹಣದಲ್ಲಿ? ಇನ್ನು ಪತ್ರದಲ್ಲಿ ಅಪ್ಪನ ಹೆಸರು ಸೇರಿದರೆ, ಆ ಮನೆಯನ್ನು ಅವರು ತಮ್ಮ ವರಮಾನ ತೆರಿಗೆಯ ವಿವರದಲ್ಲಿ ಪ್ರತಿ ವರ್ಷ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣದ ಕಾನೂನಿನಂತೆ ಹತ್ತು ಲಕ್ಷ ರೂಪಾಯಿ ದಂಡ ಬೀಳಬಹುದು. ಪ್ರೀತಿಯಿಂದ ಸೇರಿಸಿದ ಹೆಸರಿಗೆ ಇಷ್ಟು ಬೆಲೆ!

ಯಾರ ಪುಸ್ತಕದಲ್ಲೂ ಬರೆಯದ ಖರ್ಚು

ಸಂಗಾತಿಗಳೆ, ಇಲ್ಲಿಯವರೆಗೆ ಕೊಂಡವನ ಖರ್ಚಿನ ಮಾತು. ಆದರೆ ಇದರಲ್ಲಿ ದೊಡ್ಡದೊಂದು ಬಾಬತ್ತನ್ನು ಕೊಂಡವನು ಕೊಡುವುದಿಲ್ಲ. ಕೊಳ್ಳದವನು ಕೊಡುತ್ತಾನೆ.

ಪ್ರತಿಯೊಬ್ಬರಿಗೂ ಯೋಗ್ಯವಾದ ಮನೆಯ ಹಕ್ಕಿದೆ, ಭೂಮಿಯ ಸಟ್ಟಾ ವ್ಯಾಪಾರವನ್ನು ಸರ್ಕಾರ ತಡೆಯಬೇಕು ಎಂದು ಸ್ಪೇನಿನ 1978ರ ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಆದರೆ ಆದದ್ದೇನು? 2011ರ ಜನಗಣತಿಯಲ್ಲಿ ಆ ದೇಶದಲ್ಲಿ 34 ಲಕ್ಷಕ್ಕೂ ಹೆಚ್ಚು ಮನೆಗಳು ಖಾಲಿ ಇದ್ದವು. ಅದೇ ವರ್ಷಗಳಲ್ಲಿ ಕೆಲಸ ಕಳೆದುಕೊಂಡು ಸಾಲದ ಕಂತು ಕಟ್ಟಲಾರದ ಸ್ಪೇನಿನ ಕುಟುಂಬಗಳನ್ನು ಬ್ಯಾಂಕುಗಳು ಬೀದಿಗೆ ಹಾಕುತ್ತಿದ್ದವು. ಒಂದು ಕಡೆ ಮನುಷ್ಯರಿಲ್ಲದ ಮನೆ, ಇನ್ನೊಂದು ಕಡೆ ಮನೆಯಿಲ್ಲದ ಮನುಷ್ಯ. ಆ ಜನ ಸುಮ್ಮನೆ ಕೂರಲಿಲ್ಲ. 2009ರಲ್ಲಿ ಬಾರ್ಸಿಲೋನದಲ್ಲಿ ಸಾಲಗಾರರ ವೇದಿಕೆ ಕಟ್ಟಿ, ಜಪ್ತಿ ಮಾಡಲು ಬಂದವರ ಎದುರು ಬಾಗಿಲಿಗೆ ಅಡ್ಡ ಕುಳಿತರು.

ಈಗಲೂ ಇಬೀಜ ದ್ವೀಪದಲ್ಲಿ ಹೋಟೆಲಿನ ಕೆಲಸಗಾರರು ಬಾಡಿಗೆ ಮನೆ ಎಟುಕದೆ ಗಾಡಿಗಳಲ್ಲಿ, ಡೇರೆಗಳಲ್ಲಿ ಮಲಗುವ ಸುದ್ದಿ ಬರುತ್ತಲೇ ಇದೆ. ಪ್ರವಾಸಿಗನ ಹಾಸಿಗೆ ಹಾಸುವವಳಿಗೆ ಮಲಗಲು ಜಾಗವಿಲ್ಲ! 2024ರ ಏಪ್ರಿಲಿನಲ್ಲಿ ಕನೇರಿ ದ್ವೀಪಗಳಲ್ಲಿ ಸಾವಿರಾರು ಜನ ಬೀದಿಗಿಳಿದು, ನಮ್ಮ ನೆಲಕ್ಕೂ ಒಂದು ಮಿತಿಯಿದೆ ಎಂದರು. ಅದೇ ಜೂನಿನಲ್ಲಿ ಬಾರ್ಸಿಲೋನದ ಮೇಯರು, ನಗರದ ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿ ಮನೆಗಳ ಪರವಾನಗಿಯನ್ನು 2028ರ ನಂತರ ಮುಂದುವರಿಸುವುದಿಲ್ಲವೆಂದು ಸಾರಿದರು. 2025ರ ಜನವರಿಯಲ್ಲಿ ಪ್ರಧಾನಿ ಸಾಂಚೆಸ್, ಯುರೋಪ್ ಒಕ್ಕೂಟದ ಹೊರಗಿನವರು ಅಲ್ಲಿ ವಾಸವಿಲ್ಲದೆ ಮನೆ ಕೊಂಡರೆ ಬೆಲೆಯ ನೂರಕ್ಕೆ ನೂರರವರೆಗೂ ತೆರಿಗೆ ಹಾಕುವ ಪ್ರಸ್ತಾಪ ಮುಂದಿಟ್ಟರು. ಸ್ವಿಟ್ಜರ್ಲೆಂಡಿನ ಜನರಂತೂ 2012ರಲ್ಲೇ ಮತ ಹಾಕಿ, ಯಾವ ಊರಿನಲ್ಲೂ ವಿಹಾರದ ಮನೆಗಳು ನೂರಕ್ಕೆ ಇಪ್ಪತ್ತನ್ನು ಮೀರಬಾರದೆಂದು ಕಟ್ಟು ಹಾಕಿದರು.

ಇದನ್ನು ಹೊರಗಿನವರ ಮೇಲಿನ ದ್ವೇಷವೆಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನ ನಿವೃತ್ತ ಚಾಲಕನೂ ಇಬೀಜದ ಹೋಟೆಲಿನ ಹೆಂಗಸೂ ಒಂದೇ ವರ್ಗದವರು. ಒಬ್ಬರ ಉಳಿತಾಯ, ಇನ್ನೊಬ್ಬರ ಸೂರು. ಎರಡನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ನಡುವೆ ನಿಂತು ಕಮಿಷನ್ ತಿಂದವನು ಬೇರೆ. ಮನೆ ಎಂಬುದು ಬದುಕುವ ಜಾಗವಾಗದೆ ಹಣ ಹೂಡುವ ಸರಕಾದಾಗ, ಕೊಂಡ ಬಡವನೂ ಸೋಲುತ್ತಾನೆ, ಕೊಳ್ಳದ ಬಡವನೂ ಸೋಲುತ್ತಾನೆ.

ಹಾಗಾದರೆ ದುಡಿಯುವವನಿಗೆ ವಿಶ್ರಾಂತಿ ಬೇಡವೆ? ಖಂಡಿತ ಬೇಕು. ಅದನ್ನು ಕೊಡಿಸಿದ್ದು ಕ್ರಯಪತ್ರವಲ್ಲ, ಹೋರಾಟ. 1936ರಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳನ್ನು ಹಿಡಿದು ಕೂತು ಮುಷ್ಕರ ಹೂಡಿದಾಗ, ಲಿಯೋ ಬ್ಲೂಮ್ ಅವರ ಸರ್ಕಾರ ವರ್ಷಕ್ಕೆ ಎರಡು ವಾರ ಸಂಬಳದ ರಜೆ ಕೊಟ್ಟಿತು, ರೈಲಿನಲ್ಲಿ ಅಗ್ಗದ ಟಿಕೆಟ್ಟೂ ಕೊಟ್ಟಿತು. ಬದುಕಿನಲ್ಲಿ ಕಡಲು ಕಾಣದ ಕುಟುಂಬಗಳು ಆ ಬೇಸಿಗೆ ಕಡಲು ಕಂಡವು. ಯಾರೂ ಅಲ್ಲಿ ಮನೆ ಕೊಳ್ಳಬೇಕಾಗಲಿಲ್ಲ. ನಮ್ಮ ದೇಶದಲ್ಲೂ 1948ರ ಕಾರ್ಖಾನೆ ಕಾನೂನು ಇಪ್ಪತ್ತು ದಿನದ ದುಡಿಮೆಗೆ ಒಂದು ದಿನ ಸಂಬಳದ ರಜೆ ಎಂದು ಬರೆದಿತ್ತು. ನಿಮ್ಮಲ್ಲಿ ಎಷ್ಟು ಜನ ಆ ರಜೆಯನ್ನು ಪೂರ್ತಿ ಉಂಡಿದ್ದೀರಿ, ಎಷ್ಟು ಜನ ಮದುವೆ, ಸಾವು, ಜ್ವರಕ್ಕೆ ಕಳೆದಿದ್ದೀರಿ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಸಭೆ ಇನ್ನೊಂದು ಗಂಟೆ ನಡೆದೀತು.

ಕೊನೆಗೆ, ಇಂಥ ಕಾಗದ ನಿಮ್ಮ ಮನೆಗೆ ಬಂದರೆ ಕೇಳಬೇಕಾದ ಮಾತುಗಳಿಷ್ಟು. ಬೆಲೆಯ ಮೇಲೆ ಎಲ್ಲ ತೆರಿಗೆ ಸೇರಿ ಎಷ್ಟು? ಬೀಗ ಹಾಕಿಟ್ಟರೆ ವರ್ಷಕ್ಕೆ ಎಷ್ಟು? ಹಳೆಯ ಬಾಕಿ ಇಲ್ಲವೆಂಬ ಪತ್ರ ಎಲ್ಲಿ? ಕಟ್ಟಿದ್ದು ಸಕ್ರಮವೆಂದು ಹೇಳುವ ವಕೀಲ ನನ್ನವನೋ, ಮಾರುವವನವನೋ? ನಾನು ಅಲ್ಲಿ ಎಷ್ಟು ದಿನ ಇರಬಹುದು? ಮಾರಿ ಹೊರಬರಲು ಎಷ್ಟು? ಈ ಆರಕ್ಕೂ ಬರವಣಿಗೆಯಲ್ಲಿ ಉತ್ತರ ಬರುವತನಕ ಸಹಿ ಹಾಕಬೇಡಿ. ಸೈಟು ಇಲ್ಲೇ ಇರುತ್ತದೆ, ಕಡಲೂ ಅಲ್ಲೇ ಇರುತ್ತದೆ.

ನನ್ನ ಮಿತ್ರರು ಈ ಲೆಕ್ಕವನ್ನೆಲ್ಲ ಎರಡು ಹಾಳೆಯಲ್ಲಿ ಬರೆಸಿಕೊಂಡು ಮಗನಿಗೆ ಕಳುಹಿಸಿದರು. ಹುಡುಗ ಮೊದಲು ಮುನಿಸಿಕೊಂಡ, "ಅಪ್ಪಾ, ನಿನಗೆ ಇಲ್ಲಿಯ ವಿಷಯ ಗೊತ್ತಿಲ್ಲ" ಎಂದ. ಎಂಟು ದಿನ ಬಿಟ್ಟು, "ಆ ವಂತಿಗೆಯ ಬಾಕಿಯ ಮಾತು ನಿಜವಂತೆ, ವಿಚಾರಿಸಿದೆ" ಎಂದು ಬರೆದ. ಅವನ ಆಸೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಸೈಟು ಮಾತ್ರ ಮಾರಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬುದು ಎಲ್ಲರಿಗೂ ಗೊತ್ತು. ದೂರದ ಕಡಲಿಗೂ ಅದೇ ಮಾತು ಸಲ್ಲುತ್ತದೆ ಎಂದು ಹೇಳಿ ನನ್ನ ಮಾತು ಮುಗಿಸುತ್ತೇನೆ.